ಕೆಪ್ಪಟ್ರಾಯ ಬಂದ ವರ್ಷದ ಐದನೇ ಕ್ಲಾಸು

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದು ಒಂದು ಏರು ಹತ್ತಿದರೆ ನಮ್ಮ ಶಾಲೆ. ನಾನಲ್ಲಿ ಐದನೇ ಕ್ಲಾಸಿನ ಟೀಚರ್. ಕೊರೊನಾ ಮುಗಿದು ಎಲ್ಲರೂ ಮಾಸ್ಕು ಮರೆತ ಮೇಲಿನ ಒಂದು ಜನವರಿ. ಬೆಳಗಿನ ಮೊದಲ ಪೀರಿಯಡ್‌ನಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಏಳರ ಮಗ್ಗಿ ಹೇಳುತ್ತಿದ್ದ. ಅವನ ಬಲಗೆನ್ನೆ ಉಬ್ಬಿಕೊಂಡಿತ್ತು. ನೆಲ್ಲಿಕಾಯಿ ಇಟ್ಟುಕೊಂಡಿದ್ದಾನೆ ಎಂದುಕೊಂಡು, ಉಗಿದು ಬಾ ಎಂದೆ. ಹೋಗಿ ಉಗಿದು ಬಂದ. ಕೆನ್ನೆ ಹಾಗೆಯೇ ಇತ್ತು. ಪೂರ್ತಿ ಉಗಿದು ಬಾ ಎಂದು ಇನ್ನೊಮ್ಮೆ ಕಳಿಸಿದೆ. ತುಂಬ ವಿಧೇಯ ಹುಡುಗ, ಮತ್ತೆ ಹೋಗಿ ಬಂದ. ಮೂರನೆಯ ಸಲ ಬಾಯಿ ತೆರೆಸಿ ಬೆಳಕಿಗೆ ಹಿಡಿದು ನೋಡಿದೆ. ಅಲ್ಲಿ ಹಲ್ಲುಗಳ ಹೊರತು ಏನೂ ಇರಲಿಲ್ಲ, ಮುಂದಿನ ಒಂದು ಹಲ್ಲಂತೂ ಇರಲೇ ಇಲ್ಲ.

ಹೆಡ್ ಟೀಚರನ್ನು ಕರೆದೆ. ನಿವೃತ್ತಿಗೆ ಹತ್ತಿರವಾದ ಹೆಂಗಸು, ಮೂರು ಮಕ್ಕಳನ್ನು ಸಾಕಿದವರು. ಬಾಗಿಲಲ್ಲೇ ನಿಂತು, ಒಳಗೆ ಕಾಲಿಡದೆ, ಅವನನ್ನು ಒಮ್ಮೆ ನೋಡಿ, "ಕೆಪ್ಪಟ್ರಾಯ" ಎಂದರು. ಹಾಗೆ ಹೇಳುತ್ತಲೇ ತಮ್ಮ ಎರಡೂ ಕೆನ್ನೆಗಳನ್ನು ಸೆರಗಿನಿಂದ ಮುಚ್ಚಿಕೊಂಡರು.

ಪುಸ್ತಕದ ಕನ್ನಡದಲ್ಲಿ ಅದಕ್ಕೆ ಮಂಗನಬಾವು ಎನ್ನುತ್ತಾರೆ. ನಮ್ಮ ತುಳುವಿನಲ್ಲಿ ಕೆಪ್ಪಟ್ರಾಯ. ಮೊದಲ ಸಲ ಕೇಳುವವರಿಗೆ ಹಿಂದಿನ ಕಾಲದ ಯಾವನೋ ಪಾಳೆಯಗಾರನ ಹೆಸರಿನಂತೆ ಕೇಳುತ್ತದೆ. ಅದು ನಡೆದುಕೊಂಡದ್ದೂ ಹಾಗೆಯೇ, ಬೆಂಚಿನಿಂದ ಬೆಂಚಿಗೆ ಕ್ಲಾಸನ್ನು ವಶಪಡಿಸಿಕೊಳ್ಳುತ್ತ ಬಂತು. ಕೆಲವರಿಗೆ ಒಂದು ಕಡೆ, ಕೆಲವರಿಗೆ ಎರಡೂ ಕಡೆ. ಆರೋಗ್ಯ ಕೇಂದ್ರದ ಡಾಕ್ಟರು ಬಂದು ನೋಡಿ, ಹೆದರುವಂಥದ್ದೇನಿಲ್ಲ, ಇದಕ್ಕೆಂದೇ ಬೇರೆ ಮದ್ದೂ ಇಲ್ಲ, ಗಂಜಿ ಕುಡಿಸಿ ಮಲಗಿಸಿ, ಊತ ಇಳಿಯುವ ತನಕ ಶಾಲೆಗೆ ಕಳಿಸಬೇಡಿ ಎಂದರು. ಫೆಬ್ರವರಿಯ ಹೊತ್ತಿಗೆ ನಾನು ಹೆಚ್ಚುಕಡಿಮೆ ಖಾಲಿ ಬೆಂಚುಗಳಿಗೆ ಭಿನ್ನರಾಶಿ ಕಲಿಸುತ್ತಿದ್ದೆ.

ನನಗೆ ಮಾತ್ರ ಹೆದರಿಕೆ ಇರಲಿಲ್ಲ. ಮುಂಡಾಜೆಯಲ್ಲಿರುವ ನನ್ನ ಅಮ್ಮ, ಚಿಕ್ಕಂದಿನಲ್ಲಿ ನನಗೆ ಕೆಪ್ಪಟ್ರಾಯ ಬಂದ ಕಥೆಯನ್ನು ಎಷ್ಟೋ ಸಲ ಹೇಳಿದ್ದರು. ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ ಎಂದು ಡಾಕ್ಟರೂ ಹೇಳಿದ್ದರು. ಹಾಗಾಗಿ ನಾನು ಮಕ್ಕಳ ಕೆನ್ನೆಯನ್ನು ಮುಟ್ಟಿ ನೋಡುತ್ತ, ಹೆಡ್ ಟೀಚರ ಸೆರಗನ್ನು ನೋಡಿ ಒಳಗೊಳಗೇ ನಗುತ್ತ ಓಡಾಡಿಕೊಂಡಿದ್ದೆ.

ಕಾಯಿಲೆ ಬಂದಷ್ಟು ಬೇಗ ಮಕ್ಕಳು ವಾಪಸು ಬರಲಿಲ್ಲ. ಮನೆಯಲ್ಲಿ ಹಾಸಿಗೆ ಉಂಟು, ಟಿ.ವಿ. ಉಂಟು, ಅಮ್ಮನ ಮೊಬೈಲ್ ಉಂಟು, ಕಾಪಿ ಬರೆಯುವುದು ಇಲ್ಲ. ಯಾರು ಬರುತ್ತಾರೆ? ಫೋನು ಮಾಡಿದರೆ ಬಲಗಡೆಯದ್ದು ಇಳಿದು ಎಡಗಡೆಗೆ ಬಂದಿದೆ ಎನ್ನುತ್ತಿದ್ದರು. ಅದು ಆಗುವಂಥದ್ದೇ, ಹಾಗಾಗಿ ವಾದ ಮಾಡುವಂತಿರಲಿಲ್ಲ. ಆದರೆ ಒಬ್ಬನದ್ದು ಎಡಗಡೆಯಿಂದ ಪುನಃ ಬಲಗಡೆಗೆ ಹೋಯಿತು ಎಂದು ಸುದ್ದಿ ಬಂದಾಗ ಹೆಡ್ ಟೀಚರಿಗೆ ಸಂಶಯ ಬಂತು.

"ಫೋನಿನಲ್ಲಿ ಎಲ್ಲರ ಕೆನ್ನೆಯೂ ಊದಿಯೇ ಇರ್ತದೆ," ಎಂದರು. "ನಿಮಗೆ ಹೇಗೂ ಬಂದು ಹೋಗಿದೆಯಲ್ಲ ಟೀಚರೇ, ನೀವೇ ಮನೆಮನೆಗೆ ಹೋಗಿ ನೋಡಿ ಬನ್ನಿ."

ಹೀಗೆ ಸಂಜೆಯ ಗಂಟೆ ಹೊಡೆದ ಮೇಲೆ ನನ್ನ ಎರಡನೇ ಡ್ಯೂಟಿ ಶುರುವಾಯಿತು. ಕೆಪ್ಪಟ್ರಾಯ ಇರುವವರಿಗೆ ಹುಳಿ ತಿಂದರೆ ಕಿವಿಯ ಬುಡದಲ್ಲಿ ಚಳುಕು ಹೊಡೆಯುತ್ತದೆ ಎಂದು ಡಾಕ್ಟರು ಹೇಳಿದ್ದು ನೆನಪಿತ್ತು. ಹೆಡ್ ಟೀಚರ ಮನೆಯ ಹಿತ್ತಿಲಲ್ಲಿ ಒಂದು ಬಿಂಬುಳಿ ಮರ, ಬುಡದಿಂದ ತುದಿಯ ತನಕ ಬೆರಳುದ್ದದ ಹುಳಿಹುಳಿ ಕಾಯಿ. ಅವರು ಸಂತೋಷದಿಂದ ಚೀಲ ತುಂಬ ಕೊಟ್ಟರು. ನಾನು ಒಂದು ಡಬ್ಬಿಯಲ್ಲಿ ಉಪ್ಪು, ಮೆಣಸಿನ ಹುಡಿ ಬೆರೆಸಿಕೊಂಡು ಹೊರಟೆ.

ಮೊದಲು ಹೋದದ್ದು ಕೆನ್ನೆಯ ಊತ ಆಚೀಚೆ ತಿರುಗಾಡುತ್ತಿದ್ದ ಆ ಹುಡುಗನ ಮನೆಗೆ. ಗದ್ದದಿಂದ ನೆತ್ತಿಗೆ ಬೈರಾಸು ಕಟ್ಟಿಕೊಂಡು, ಕಣ್ಣು ಅರ್ಧ ಮುಚ್ಚಿ ಚಾವಡಿಯಲ್ಲಿ ಮಲಗಿದ್ದ. ನಾನು ಏನೂ ಕೇಳಲಿಲ್ಲ. ಅವನ ಅಮ್ಮನ ಹತ್ತಿರ ಅದೂ ಇದೂ ಮಾತಾಡುತ್ತ ಒಂದು ಬಿಂಬುಳಿ ಸೀಳಿ, ಉಪ್ಪುಖಾರ ಸವರಿ, ಅವನ ತಲೆದಿಂಬಿನ ಹತ್ತಿರ ಇಟ್ಟೆ. ಸ್ವಲ್ಪ ಹೊತ್ತಿಗೆ ಕೈ ಬಂತು. ಬಿಂಬುಳಿ ಹೋಯಿತು. ಇನ್ನೊಂದು ಇಟ್ಟೆ, ಅದೂ ಹೋಯಿತು. ಮೂರನೆಯದನ್ನು ಅವನೇ ಕೇಳಿದ, ಖಾರ ಸ್ವಲ್ಪ ಜಾಸ್ತಿ ಹಾಕಿ ಟೀಚರ್ ಎಂದು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವನ ಅಮ್ಮ ಎದ್ದು ಬಂದು ಬೈರಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು. ಮರುದಿನ ಅವನು ಪ್ರಾರ್ಥನೆಗೆ ಮೊದಲೇ ಶಾಲೆಯಲ್ಲಿದ್ದ.

ಪರೀಕ್ಷೆಯ ಸುದ್ದಿ ಬೇಗ ಹಬ್ಬಿತು. ಮಕ್ಕಳಿಗೆ ಇದು ಮೋಸ ಎಂದು ಗೊತ್ತಿದ್ದರೂ ಬಿಂಬುಳಿ ಬೇಡ ಎನ್ನಲು ಆಗುತ್ತಿರಲಿಲ್ಲ. ಒಬ್ಬಳು ಮಾತ್ರ ತಿನ್ನುತ್ತ ತಿನ್ನುತ್ತ ನೋವಾದವರ ಹಾಗೆ ಮುಖ ಹಿಂಡಿ ನೋಡಿದಳು, ಆದರೆ ಕೈ ಬೆರಳು ನೆಕ್ಕಿ ಸಿಕ್ಕಿಬಿದ್ದಳು. ನಿಜವಾಗಿ ನೋವಿದ್ದವರು ದೂರದಿಂದ ನೋಡಿಯೇ ಕಿವಿ ಹಿಡಿದುಕೊಳ್ಳುತ್ತಿದ್ದರು. ಅವರಿಗೆ ಇನ್ನಷ್ಟು ಗಂಜಿ ಕುಡಿಯಿರಿ ಎಂದು ಹೇಳಿ ಬರುತ್ತಿದ್ದೆ. ಬೆಂಚುಗಳು ಒಂದೊಂದಾಗಿ ತುಂಬಿದವು.

ತುಂಬದೆ ಉಳಿದದ್ದು ಮುಂದಿನ ಬೆಂಚಿನ ಒಂದು ಜಾಗ. ಅದು ನಮ್ಮ ಕ್ಲಾಸ್ ಲೀಡರಿನದ್ದು. ಅಪ್ಪ ಸೌದಿಯ ದಮಾಮ್‌ನಲ್ಲಿ, ಮನೆಯಲ್ಲಿ ಉಮ್ಮ ಮತ್ತು ಅಜ್ಜಿ. ಮನೆಯಲ್ಲಿ ಬ್ಯಾರಿ, ದಾರಿಯಲ್ಲಿ ತುಳು, ಶಾಲೆಯಲ್ಲಿ ಪಾಠಪುಸ್ತಕದ ಕನ್ನಡ ಮಾತಾಡುವ ಹುಡುಗಿ. ನಾನು ಕ್ಲಾಸಿಗೆ ಬರುವುದು ತಡವಾದರೆ ಗಲಾಟೆ ಮಾಡಿದವರ ಹೆಸರನ್ನು ಬೋರ್ಡಿನಲ್ಲಿ ಬರೆದಿಡುವವಳು. ಒಮ್ಮೆ ತಾನೇ ಮಾತಾಡಿದೆನೆಂದು ತನ್ನ ಹೆಸರನ್ನೂ ಬರೆದಿದ್ದಳು. ಇಂಥವಳು ಸುಮ್ಮನೆ ಮನೆಯಲ್ಲಿ ಕೂರುವುದಿಲ್ಲ ಎಂದು ನನಗೆ ಗೊತ್ತಿತ್ತು.

ನಾನು ಹೋದಾಗ ಅವಳು ಒಳಕೋಣೆಗೆ ಓಡಿ ಬಾಗಿಲು ಹಾಕಿಕೊಂಡಳು. ಉಮ್ಮ ನನಗೆ ಶರಬತ್ತು ಕೊಟ್ಟು ಕುಳ್ಳಿರಿಸಿ ನಡೆದದ್ದನ್ನು ಹೇಳಿದರು. ಕಾಯಿಲೆ ಜೋರಾಗಿದ್ದಾಗ ಅಪ್ಪ ವಿಡಿಯೊ ಕಾಲ್ ಮಾಡಿದ್ದಾರೆ. ಮಗಳ ಎರಡೂ ಕೆನ್ನೆ ಊದಿತ್ತು, ಮೇಲಿಂದ ಅಜ್ಜಿ ಬಟ್ಟೆಗೆ ಹಾಕುವ ನೀಲಿ ಹಚ್ಚಿದ್ದರು. ಅಪ್ಪನಿಗೆ ನಗು ತಡೆಯಲಿಲ್ಲ. ಅಷ್ಟೇ ಆಗಿದ್ದರೆ ಸರಿ, ಪರದೆಯ ಫೋಟೊ ತೆಗೆದು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟರು. ಜುಬೈಲಿನ ಚಿಕ್ಕಪ್ಪ ಅದರ ಕೆಳಗೆ ಮಂಗನ ಚಿತ್ರ ಹಾಕಿದ. ಅದನ್ನು ನೋಡಿ ಉಳಿದವರೂ ಸಾಲಾಗಿ ಮಂಗಗಳನ್ನು ಹಾಕಿದರು. ದೊಡ್ಡಪ್ಪನ ಮಗ ನಮ್ಮ ಶಾಲೆಯಲ್ಲೇ ಏಳನೇ ಕ್ಲಾಸು. ಅವನು ಅದನ್ನು ಇನ್ನಿಬ್ಬರಿಗೆ ತೋರಿಸಿದ್ದಾನೆ ಎಂದು ಇವಳಿಗೆ ಗೊತ್ತಾದ ದಿನದಿಂದ ಈಕೆ ಅಂಗಳಕ್ಕೂ ಇಳಿದಿಲ್ಲ.

ನಾನು ಅಜ್ಜಿಗೆ ಎರಡು ಮಾತು ಹೇಳಿದೆ. ನೀಲಿ ಇರುವುದು ಬಿಳಿ ಬಟ್ಟೆಗೆ, ಮಕ್ಕಳ ಚರ್ಮಕ್ಕೆ ಅಲ್ಲ, ಅದರಿಂದ ಕಾಯಿಲೆ ಗುಣವಾಗುವುದೂ ಇಲ್ಲ ಎಂದು ವಿಜ್ಞಾನದ ಪಾಠದ ಧಾಟಿಯಲ್ಲಿ ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿ, ಮೊಮ್ಮಗಳಿಗೆ ಗುಣವಾಗಿದೆಯಲ್ಲ ಎಂದರು.

ಒಳಕೋಣೆಯ ಬಾಗಿಲ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತೆ. ಡಬ್ಬಿ ತೆರೆದು, ಬಿಂಬುಳಿ ಸೀಳಿ, ಬಾಗಿಲ ಸಂದಿಯಲ್ಲಿ ಹಿಡಿದೆ. ಒಂದು ಕೈ ಹೊರಗೆ ಬಂದು ತೆಗೆದುಕೊಂಡಿತು. ಒಳಗಿಂದ ಕರುಕರು ತಿನ್ನುವ ಶಬ್ದ ಕೇಳಿತು.

"ನನಗೆ ಗುಣವಾಗಿದೆ ಟೀಚರ್," ಎಂದಳು ಅವಳು ಒಳಗಿನಿಂದಲೇ. "ಹುಳಿ ತಿಂದರೆ ಏನೂ ಆಗುವುದಿಲ್ಲ. ನೀವು ಇನ್ನೊಂದು ಕೊಟ್ಟರೂ ತಿನ್ನುತ್ತೇನೆ. ಆದರೆ ಶಾಲೆಗೆ ಬರುವುದಿಲ್ಲ."

ಇನ್ನೊಂದು ಕೊಟ್ಟೆ. ಯಾರೂ ನಗುವುದಿಲ್ಲ, ಎಲ್ಲರಿಗೂ ಬಂದು ಹೋಗಿದೆ ಎಂದೆ. ಎಲ್ಲರ ಫೋಟೊ ಮೊಬೈಲಿನಲ್ಲಿ ಇಲ್ಲವಲ್ಲ ಎಂದಳು. ಲೀಡರ್ ಇಲ್ಲದೆ ಕ್ಲಾಸು ಹಾಳಾಗಿದೆ ಎಂದೆ. ಆಮೇಲೆ ಕೇಳಿದಳು, "ನಿಮಗೆ ಹೀಗೆ ಆಗಿದ್ದರೆ ನೀವು ಬರುತ್ತಿದ್ದಿರಾ?"

"ಊತ ಇಳಿದ ಮರುದಿನವೇ ಬರ್ತಿದ್ದೆ," ಎಂದೆ. ನನಗೆ ಆಗುವ ಸಂಭವ ಇಲ್ಲದ್ದರಿಂದ ಆ ಮಾತು ಬಹಳ ಸುಲಭವಾಗಿ ಬಾಯಿಗೆ ಬಂತು.

ಅದೇ ತಿಂಗಳು ಒಂದು ಬೆಳಿಗ್ಗೆ ದೋಸೆ ಅಗಿಯುವಾಗ ಬಲಗಿವಿಯ ಕೆಳಗೆ ಯಾರೋ ಸೂಜಿ ಚುಚ್ಚಿದ ಹಾಗಾಯಿತು. ಸಂಜೆಯ ಹೊತ್ತಿಗೆ ಕನ್ನಡಿಯಲ್ಲಿ ನನ್ನ ಮುಖ ಒಂದು ಕಡೆ ನನ್ನದು, ಇನ್ನೊಂದು ಕಡೆ ಬೇರೆ ಯಾರದೋ. ಮುಂಡಾಜೆಗೆ ಫೋನು ಮಾಡಿ ಅಮ್ಮನನ್ನು ಕೇಳಿದೆ. ಅಮ್ಮ ಬಹಳ ಹೊತ್ತು ಯೋಚಿಸಿ, ಅದು ಬಂದದ್ದು ನಿನ್ನ ಅಣ್ಣನಿಗಿರಬೇಕು, ನೀನು ಆಗ ಅಜ್ಜಿಮನೆಯಲ್ಲಿದ್ದೆ ಎಂದರು. ಇಷ್ಟು ವರ್ಷ ನನಗೆಂದು ಹೇಳಿದ್ದೇಕೆ ಎಂದು ಕೇಳಿದ್ದಕ್ಕೆ, ಕಥೆ ಹೇಳುವಾಗ ನೀನೇ ಎದುರಿಗೆ ಇರುತ್ತಿದ್ದದ್ದಲ್ಲವಾ ಎಂದರು.

ಹೆಡ್ ಟೀಚರಿಗೆ ಫೋನಿನಲ್ಲೇ ರಜೆ ಹೇಳಿದೆ. ಅತ್ತ ಕಡೆ ಅವರು ಸೆರಗು ಎಳೆದುಕೊಂಡದ್ದು ನನಗೆ ಕಾಣದಿದ್ದರೂ ಗೊತ್ತಾಯಿತು.

ಬಂಟ್ವಾಳದ ನಮ್ಮ ಮನೆಯಲ್ಲಿ ವೈದ್ಯಕೀಯ ನನ್ನ ಅತ್ತೆಯ ಕೈಯಲ್ಲಿ. ಮೊದಲು ತಮ್ಮ ಚಿನ್ನದ ಸರ ತೆಗೆದು ನನ್ನ ಕುತ್ತಿಗೆಗೆ ಹಾಕಿದರು, ಚಿನ್ನ ತಾಗಿದರೆ ಬಾವು ಇಳಿಯುತ್ತದೆ ಎಂದು. ಆಮೇಲೆ ನೀಲಿ ಬೇಕು ಎಂದರು. ನಾನು ನೀಲಿ ಬೇಡವೆಂದೆ, ಅದರ ಬಗ್ಗೆ ನಾನೇ ಊರಿಗೆಲ್ಲ ಪಾಠ ಮಾಡಿ ಬಂದಿದ್ದೇನೆ ಎಂದೆ. ಆದರೆ ಕೆನ್ನೆ ಊದಿದವಳ ಮಾತು ಸ್ಪಷ್ಟವಾಗಿ ಹೊರಡುವುದಿಲ್ಲ. ಅತ್ತೆ ಅದನ್ನು ಒಪ್ಪಿಗೆ ಎಂದು ತಿಳಿದರು. ಜ್ವರದಲ್ಲಿ ನನಗೂ ಜಗಳವಾಡುವ ಶಕ್ತಿ ಇರಲಿಲ್ಲ. ಅವರ ಕಾಲದ ಹುಡಿ ನೀಲಿ ಈಗ ಅಂಗಡಿಯಲ್ಲಿ ಸಿಗಲಿಲ್ಲವಂತೆ. ಹಾಗಾಗಿ ಬಾಟಲಿಯ ನೀಲಿ ತಂದರು. ಹುಡಿಯನ್ನು ನೀರಿನಲ್ಲಿ ಕದಡಿ ಹಚ್ಚಿದರೆ ತೊಳೆದಾಗ ಹೋಗುತ್ತದೆ. ಬಾಟಲಿಯದ್ದನ್ನು ನೀರು ಬೆರೆಸದೆ ಹಾಗೆಯೇ ಹಚ್ಚಿದರೆ ಹೋಗುವುದಿಲ್ಲ. ಇದು ನಮಗಿಬ್ಬರಿಗೂ ಆಮೇಲೆ ತಿಳಿಯಿತು.

ಊತ ಇಳಿಯಿತು. ನೋವೂ ಹೋಯಿತು. ಡಾಕ್ಟರು ಇನ್ನು ಶಾಲೆಗೆ ಹೋಗಬಹುದು ಎಂದರು. ಆದರೆ ನನ್ನ ಬಲಗೆನ್ನೆ ಕಿವಿಯಿಂದ ಗದ್ದದ ತನಕ ನೀಲಿಯಾಗಿತ್ತು. ಸೋಪು, ಕಡ್ಲೆಹಿಟ್ಟು, ತೆಂಗಿನೆಣ್ಣೆ ಎಲ್ಲ ಆಯಿತು. ಉಜ್ಜಿದಷ್ಟೂ ಹೊಳಪು ಬಂತು. ಅತ್ತೆ, ಬಣ್ಣ ಚಂದ ಕೂತಿದೆ ಎಂದು ಸಮಾಧಾನ ಹೇಳಿದರು. ನಾನು ಹೆಡ್ ಟೀಚರಿಗೆ ಇನ್ನೂ ಸ್ವಲ್ಪ ಸುಸ್ತು ಉಂಟು ಎಂದೆ. ಎರಡು ದಿನ ಬಿಟ್ಟು ಅದನ್ನೇ ಇನ್ನೊಮ್ಮೆ ಹೇಳಿದೆ. ಸುಸ್ತು ನಿಜವಾಗಿಯೂ ಇತ್ತು, ಕನ್ನಡಿ ನೋಡಿದಾಗಲೆಲ್ಲ ಹೆಚ್ಚಾಗುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಗೇಟಿನ ಶಬ್ದ ಕೇಳಿ ಕಿಟಕಿಯಿಂದ ಇಣುಕಿದರೆ, ನಮ್ಮ ಲೀಡರಿನ ಉಮ್ಮ. ಹಿಂದೆ ಮುಖಕ್ಕೆ ಶಾಲು ಸುತ್ತಿಕೊಂಡು ಆ ಹುಡುಗಿ. ಆಧಾರ್ ಕಾರ್ಡಿಗೆ ಬೆರಳಚ್ಚು ಕೊಡಲು ತಾಲೂಕು ಆಫೀಸಿಗೆ ಬಂದವರು, ಟೀಚರಿಗೆ ಹುಷಾರಿಲ್ಲವೆಂದು ಕೇಳಿ ನೋಡಿ ಹೋಗಲು ಬಂದಿದ್ದರು. ನಾನು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅತ್ತೆ ಅವರನ್ನು ಕುಳ್ಳಿರಿಸಿ, ಕಾಫಿ ಮಾಡಿ, ಸೊಸೆ ಹೊರಗೆ ಬರುವುದಿಲ್ಲ, ಅವಳಿಗೆ ನಾಚಿಕೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು.

ಬಾಗಿಲ ಹತ್ತಿರ ಸಣ್ಣ ಹೆಜ್ಜೆಯ ಸಪ್ಪಳ ಬಂದು ನಿಂತಿತು.

"ಟೀಚರ್, ಊತ ಇಳಿದಿದೆಯಾ?"

"ಇಳಿದಿದೆ," ಎಂದೆ.

"ನೋವು ಇದೆಯಾ?"

"ಇಲ್ಲ."

"ಮತ್ತೆ ಎಂತಕ್ಕೆ ಒಳಗೆ ಕೂತದ್ದು?"

ಪಾಠಪುಸ್ತಕದ ಕನ್ನಡ ಬಿಟ್ಟು ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬಾಗಿಲು ತೆರೆದೆ. ಅವಳು ನನ್ನ ಕೆನ್ನೆಯನ್ನು ನೋಡಿದಳು, ಕುತ್ತಿಗೆಯಲ್ಲಿ ಅತ್ತೆಯ ದಪ್ಪ ಸರವನ್ನು ನೋಡಿದಳು, ಮತ್ತೆ ಕೆನ್ನೆಯನ್ನು ನೋಡಿದಳು. ಲೀಡರಿಗೆ ಶೋಭಿಸುವ ಗಾಂಭೀರ್ಯದಿಂದ ತುಟಿ ಬಿಗಿಹಿಡಿದಳು. ಆಮೇಲೆ ಅವಳಿಗೆ ಆಗಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕಳು, ನೆಲದ ಮೇಲೆ ಕೂತು ನಕ್ಕಳು, ಮುಖಕ್ಕೆ ಸುತ್ತಿದ ಶಾಲು ಜಾರಿ ಬಿದ್ದದ್ದೂ ಅವಳಿಗೆ ಗೊತ್ತಾಗಲಿಲ್ಲ. ಉಮ್ಮ ಬೈಯಲು ಹೊರಟವರು ನನ್ನನ್ನು ನೋಡಿ ಅಡುಗೆಮನೆಗೆ ಹೋಗಿಬಿಟ್ಟರು. ಅಲ್ಲಿಂದಲೂ ನಗು ಕೇಳಿತು. ಮೊದಲು ಸಿಟ್ಟು ಬಂತು, ಆಮೇಲೆ ನನಗೂ ನಗು ಬಂತು. ನಕ್ಕರೆ ಕೆನ್ನೆ ನೋಯುವುದಿಲ್ಲ ಎಂಬುದು ಆಗ ಖಾತ್ರಿಯಾಯಿತು.

ಸುಧಾರಿಸಿಕೊಂಡ ಮೇಲೆ ಅವಳು ಉಮ್ಮನ ಮೊಬೈಲು ತಂದು ಒಂದು ಫೋಟೊ ತೋರಿಸಿದಳು. ಮಗಳು ಮಾತು ಬಿಟ್ಟಿದ್ದಾಳೆಂದು ದಮಾಮ್‌ನಲ್ಲಿ ಅಪ್ಪ ಎರಡೂ ಕೆನ್ನೆಗೆ ಕುಬ್ಬೂಸ್ ರೊಟ್ಟಿ ತುರುಕಿಕೊಂಡು ಫೋಟೊ ತೆಗೆದು ಅದೇ ಗ್ರೂಪಿಗೆ ಹಾಕಿದ್ದರು. ಅದರ ಕೆಳಗೆ ಮೊದಲ ಮಂಗನನ್ನು ಹಾಕಿದ್ದು ಅವಳೇ ಅಂತೆ. ಅಪ್ಪನ ಜೊತೆ ಈಗ ಮಾತು ಉಂಟು, ಜುಬೈಲಿನ ಚಿಕ್ಕಪ್ಪನ ಜೊತೆ ಇನ್ನೂ ಇಲ್ಲ ಎಂದಳು.

ಹೊರಡುವಾಗ ಅವಳು ಮೆಟ್ಟಿಲಲ್ಲಿ ನಿಂತು ಒಂದು ಯೋಜನೆ ಹೇಳಿದಳು. ಸೋಮವಾರ ಇಬ್ಬರೂ ಹೋಗುವ. ಆದರೆ ಕ್ಲಾಸಿಗೆ ನೀವು ಮೊದಲು ಹೋಗಬೇಕು. "ಅವರು ನಗುವುದಾದರೆ ನಿಮ್ಮನ್ನು ನೋಡಿ ನಕ್ಕು ಮುಗಿಸಲಿ ಟೀಚರ್. ಆಮೇಲೆ ನಾನು ಬರ್ತೇನೆ."

ನನಗೆ ಅದು ನ್ಯಾಯವಾಗಿ ಕಾಣಲಿಲ್ಲ. ಆದರೆ ಅವಳನ್ನು ಶಾಲೆಗೆ ತರಲು ನನ್ನ ಹತ್ತಿರ ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಒಪ್ಪಿದೆ.

ಸೋಮವಾರ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಕೊಡುತ್ತ, ಟೀಚರ್, ಮನೆಗೆ ಪೈಂಟಿಂಗಾ ಎಂದು ಕೇಳಿದರು. ಹೌದು ಎಂದೆ. ಒಳ್ಳೆಯ ಕಲರ್, ಯಾವ ಕಂಪನಿಯದ್ದು ಎಂದು ಪಕ್ಕದ ಸೀಟಿನವರು ವಿಚಾರಿಸಿದರು. ಹುಡುಗಿ ತನ್ನ ಸ್ಟಾಪಿನಲ್ಲಿ ಹತ್ತಿ ನನ್ನ ಪಕ್ಕ ಕೂತಳು. ಶಾಲು ಇರಲಿಲ್ಲ. ಕೈಯಲ್ಲಿ ಮಾತ್ರ ನನ್ನ ಬ್ಯಾಗಿನ ಹಿಡಿ ಗಟ್ಟಿಯಾಗಿ ಹಿಡಿದಿದ್ದಳು. ಏರು ಹತ್ತುವಾಗ ಎರಡು ಸಲ ನಿಂತಳು. ಒಮ್ಮೆ ಚಪ್ಪಲಿ ಸರಿ ಮಾಡಲು, ಇನ್ನೊಮ್ಮೆ ಕಾರಣವಿಲ್ಲದೆ. ನಾನೂ ನಿಂತೆ. ನಿಜ ಹೇಳುವುದಾದರೆ ನನಗೂ ಮುಂದೆ ಹೋಗುವ ಉತ್ಸಾಹ ಇರಲಿಲ್ಲ.

ನಾನು ಒಳಗೆ ಹೋದೆ. ಮಕ್ಕಳು ಎದ್ದು ನಿಂತು, "ನಮಸ್ತೇ ಟೀಚರ್," ಎಂದು ರಾಗವಾಗಿ ಶುರು ಮಾಡಿದವರು ನಮಸ್ತೇ ತನಕ ಬಂದು ನಿಂತರು. ಹಿಂದಿನ ಬೆಂಚಿನಿಂದ ಒಂದು ಸಣ್ಣ ಶಬ್ದ ಬಂತು, ಪ್ರೆಶರ್ ಕುಕ್ಕರು ಕೂಗುವ ಮೊದಲು ಬರುವಂಥದ್ದು. ಆಮೇಲೆ ಇಡೀ ಕ್ಲಾಸು ಹೊರಟಿತು. ನಾನು ಮೇಜಿಗೆ ಒರಗಿ ನಿಂತು ಕಾದೆ. ನಗಬಹುದು, ಚೆನ್ನಾಗಿ ನಕ್ಕು ಮುಗಿಸಿ, ಆಮೇಲೆ ಭಿನ್ನರಾಶಿ ಉಂಟು ಎಂದೆ. ಭಿನ್ನರಾಶಿಯ ಹೆಸರು ಕೇಳಿ ಹಲವರ ನಗು ತಾನಾಗಿಯೇ ನಿಂತಿತು. ಹೆಡ್ ಟೀಚರು ಗಲಾಟೆ ಕೇಳಿ ಬಂದವರು ಬಾಗಿಲಲ್ಲಿ ನನ್ನನ್ನು ಕಂಡು, ಬೈಯಲು ತೆರೆದ ಬಾಯಿಯನ್ನು ಸೆರಗಿನಿಂದ ಮುಚ್ಚಿ ಹಿಂದಿರುಗಿದರು. ಈ ಸಲ ಸೆರಗು ರೋಗಕ್ಕಾಗಿ ಅಲ್ಲ.

ಎಲ್ಲ ಶಾಂತವಾದ ಮೇಲೆ ಹುಡುಗಿ ಒಳಗೆ ಬಂದಳು. ತಲೆ ಎತ್ತಿ, ಎರಡೂ ಕೆನ್ನೆ ಎಲ್ಲರಿಗೂ ಕಾಣುವ ಹಾಗೆ, ಯುದ್ಧಕ್ಕೆ ಸಿದ್ಧಳಾಗಿ. ಮಕ್ಕಳು ಒಟ್ಟಿಗೆ ಎದ್ದು ಅವಳ ಮೇಲೆ ಬಿದ್ದರು, ದೂರು ಹೇಳಲು. ಅವಳಿಲ್ಲದಾಗ ಲೀಡರಾಗಿದ್ದ ಹುಡುಗ ತನ್ನ ದೋಸ್ತಿಗಳ ಹೆಸರು ಬೋರ್ಡಿನಲ್ಲಿ ಬರೆಯುವುದೇ ಇಲ್ಲವಂತೆ. ಕಿಟಕಿಯ ಹತ್ತಿರದವಳ ಹೆಸರನ್ನು ಕೆಮ್ಮಿದ್ದಕ್ಕೆ ಬರೆದನಂತೆ. ಬರದೇ ಇದ್ದವರ ಹೆಸರನ್ನೂ ಬರೆದನಂತೆ. ಅವಳು ಬ್ಯಾಗು ಇಳಿಸುವ ಮೊದಲೇ ಡಸ್ಟರು ತೆಗೆದುಕೊಂಡು ಬೋರ್ಡನ್ನು ಪೂರ್ತಿ ಒರೆಸಿದಳು.

ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಅವಳು ನನ್ನ ಹತ್ತಿರ ಬಂದು ನಿಂತಳು. ಸ್ವಲ್ಪ ಸಪ್ಪೆಯಾಗಿದ್ದಳು. ಏನಾಯಿತು, ಯಾರಾದರೂ ನಕ್ಕರಾ ಎಂದು ಕೇಳಿದೆ.

"ಇಲ್ಲ ಟೀಚರ್," ಎಂದಳು. "ಯಾರೂ ಏನೂ ಕೇಳಲೇ ಇಲ್ಲ."

ಅದು ಅವಳಿಗೆ ಸಮಾಧಾನವಾಗಿರಲಿಲ್ಲ ಎಂದು ನನಗೆ ಆಗ ಅರ್ಥವಾಯಿತು. ಇಷ್ಟು ದಿನ ಅಡಗಿ ಕೂತದ್ದಕ್ಕೆ ಯಾರಾದರೂ ಒಬ್ಬರು ನೋಡಬೇಕಲ್ಲ. ಸ್ವಲ್ಪ ಯೋಚಿಸಿ ತಟ್ಟೆ ಹಿಡಿದುಕೊಂಡು ಜಗಲಿಯ ನಡುವೆ ಹೋಗಿ ಕೂತಳು. ಹೇಳಲು ಶುರು ಮಾಡಿದಳು. ನಾನು ಸ್ಟಾಫ್ ರೂಮಿನ ಕಿಟಕಿಯಿಂದ ಕೇಳುತ್ತಿದ್ದೆ. ಕೆನ್ನೆ ಭುಜಕ್ಕೆ ತಾಗುತ್ತಿತ್ತಂತೆ. ಅಜ್ಜಿ ಒಂದು ಬಕೆಟು ನೀಲಿ ಹಚ್ಚಿದರಂತೆ. ಸೌದಿಯಲ್ಲಿ ಅವಳ ಫೋಟೊ ನೋಡದವರಿಲ್ಲವಂತೆ. ಮಕ್ಕಳು ಅನ್ನ ಬಿಟ್ಟು ಬಾಯಿ ತೆರೆದು ಕೇಳಿದರು. ಬಳಿಕ ಒಬ್ಬೊಬ್ಬರೂ ತಮ್ಮತಮ್ಮ ಊತದ ಅಳತೆಯನ್ನು ಕೈಯಲ್ಲಿ ತೋರಿಸತೊಡಗಿದರು. ಯಾರದ್ದೂ ತೆಂಗಿನಕಾಯಿಗಿಂತ ಸಣ್ಣದಿರಲಿಲ್ಲ.

ಊಟ ಮುಗಿದು ಗಂಟೆ ಹೊಡೆದು, ನಾನು ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದಾಗ ಕ್ಲಾಸಿನ ಅತಿ ಸಣ್ಣ ಹುಡುಗಿ ಎದ್ದು ನಿಂತಳು. ಆ ವರ್ಷ ಒಂದು ದಿನವೂ ರಜೆ ಮಾಡದವಳು, ಒಮ್ಮೆಯೂ ಶೀತ ಸಹ ಆಗದವಳು.

"ಟೀಚರ್, ನನಗೆ ಯಾವಾಗ ಬರ್ತದೆ?" ಎಂದು ಕೇಳಿದಳು.

ಬರಲೂಬಹುದು, ಬಾರದೆಯೂ ಇರಬಹುದು, ಬಾರದಿದ್ದರೆ ಒಳ್ಳೆಯದು ಎಂದೆ. ಅವಳಿಗೆ ಅದು ಸರಿ ಎನಿಸಲಿಲ್ಲ. ಕೂತುಕೊಂಡು, ಸಂಜೆಯ ತನಕ ಒಂದು ಕೈಯಲ್ಲಿ ಲೆಕ್ಕ ಮಾಡುತ್ತ ಇನ್ನೊಂದು ಕೈಯಲ್ಲಿ ಕೆನ್ನೆ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದಳು.